ಗ್ರೀನ್ಸ್‌ಬರ್ಗ್: ಊರು ಅರ್ಧವಾದರೂ ಕೌಂಟಿ ಕೇಂದ್ರ ಉಳಿದದ್ದು ಹೇಗೆ?

ವಿಚಿಟಾ ಕನ್ನಡಿಗ

ಅಮೆರಿಕದ ಕ್ಯಾನ್ಸಸ್ ರಾಜ್ಯದ ಕಯೊವಾ ಕೌಂಟಿಯ (ಕೌಂಟಿ ಎಂದರೆ ರಾಜ್ಯದೊಳಗಿನ ಆಡಳಿತ ವಿಭಾಗ) ಕೇಂದ್ರವಾದ ಗ್ರೀನ್ಸ್‌ಬರ್ಗ್ ಊರಿನ ಬಗ್ಗೆ ಇಲ್ಲಿ ಒಂದು ಚರ್ಚೆ ನಡೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಾನು ವಾಸವಾಗಿರುವ ವಿಚಿಟಾದಿಂದ 54ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು 110 ಮೈಲಿ ಹೋದರೆ ಗೋಧಿ ಮತ್ತು ಜೋಳದ ಹೊಲಗಳ ನಡುವೆ ಈ ಊರು ಸಿಗುತ್ತದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 740. ನಮ್ಮ ಕಡೆಯ ಲೆಕ್ಕದಲ್ಲಿ ಇದೊಂದು ಸಣ್ಣ ಹಳ್ಳಿ. ಆದರೆ ಇಲ್ಲಿ ನ್ಯಾಯಾಲಯವಿದೆ, ಆಸ್ಪತ್ರೆಯಿದೆ, ಹನ್ನೆರಡನೆಯ ತರಗತಿಯವರೆಗಿನ ಶಾಲೆಯಿದೆ, ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನ ಕಚೇರಿಯಿದೆ, ಜಮೀನಿನ ಪತ್ರಗಳನ್ನು ನೋಂದಾಯಿಸುವ ಕಚೇರಿಯಿದೆ, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳೂ ಇವೆ.

2007ರ ಮೇ 4ರ ಶುಕ್ರವಾರ ರಾತ್ರಿ ಒಂಬತ್ತೂ ಮುಕ್ಕಾಲರ ಸುಮಾರಿಗೆ ಇಲ್ಲಿಗೆ ಒಂದು ಸುಂಟರಗಾಳಿ ಅಪ್ಪಳಿಸಿತು. ಅದರ ಅಗಲ 1.7 ಮೈಲಿ, ಅಂದರೆ ಊರಿನ ಅಗಲಕ್ಕಿಂತಲೂ ಹೆಚ್ಚು. ಸುಂಟರಗಾಳಿಗಳ ತೀವ್ರತೆಯನ್ನು ಅಳೆಯಲು ಅದೇ ವರ್ಷದ ಫೆಬ್ರುವರಿಯಲ್ಲಿ ಜಾರಿಗೆ ಬಂದಿದ್ದ ಹೊಸ ಮಾಪಕದಲ್ಲಿ ಅತ್ಯುಚ್ಚ ದರ್ಜೆಯಾದ ಇಎಫ್-5ಕ್ಕೆ ಸೇರಿದ ಮೊದಲ ಸುಂಟರಗಾಳಿ ಇದೇ. ಡಾಜ್ ಸಿಟಿಯ ಹವಾಮಾನ ಕಚೇರಿ ಸಾಕಷ್ಟು ಮುಂಚೆಯೇ ತುರ್ತು ಎಚ್ಚರಿಕೆ ನೀಡಿತ್ತು, ಸೈರನ್ ಕೂಗಿತ್ತು, ಹೆಚ್ಚಿನ ಜನ ಮನೆಗಳ ನೆಲಮಾಳಿಗೆಗೆ ಇಳಿದಿದ್ದರು. ಹಾಗಿದ್ದೂ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಊರಿನ ಕಟ್ಟಡಗಳಲ್ಲಿ ನೂರಕ್ಕೆ 95 ಭಾಗ ನಾಶವಾದವು. ಬೆಳಗಾದಾಗ ಗುರುತು ಹಿಡಿಯುವಂತೆ ನಿಂತಿದ್ದ ಕೆಲವೇ ಕಟ್ಟಡಗಳಲ್ಲಿ ಎರಡನ್ನು ಎಲ್ಲರೂ ನೆನೆಯುತ್ತಾರೆ: ಕಾಂಕ್ರೀಟಿನ ಎತ್ತರದ ಧಾನ್ಯದ ಗೋದಾಮು ಮತ್ತು 1914ರಲ್ಲಿ ಕಟ್ಟಿದ ಕೌಂಟಿ ಕೋರ್ಟ್‌ಹೌಸ್.

ಮುಂದಿನ ಕಥೆಯನ್ನು ಪರಿಸರದ ಬಗ್ಗೆ ಓದುವವರು ಕೇಳಿರಬಹುದು. ಆಗಿನ ರಾಜ್ಯಪಾಲೆ ಕ್ಯಾಥ್ಲೀನ್ ಸೆಬೀಲಿಯಸ್, ಸ್ವತಃ ಮನೆ ಕಳೆದುಕೊಂಡಿದ್ದ ನಗರ ಆಡಳಿತಾಧಿಕಾರಿ ಸ್ಟೀವ್ ಹೆವಿಟ್, ಮುಂದಿನ ವರ್ಷ ಮೇಯರ್ ಆದ ಬಾಬ್ ಡಿಕ್ಸನ್ ಮತ್ತು ಊರಿನ ಸಾಮಾನ್ಯ ಜನ ಸೇರಿ, ಕಟ್ಟುವುದಾದರೆ ಹಸಿರು ಊರನ್ನೇ ಕಟ್ಟೋಣ ಎಂದು ತೀರ್ಮಾನಿಸಿದರು. 2007ರ ಡಿಸೆಂಬರಿನಲ್ಲಿ ನಗರಸಭೆಯು, 4,000 ಚದರಡಿಗಿಂತ ದೊಡ್ಡದಾದ ನಗರಸಭೆಯ ಪ್ರತಿಯೊಂದು ಕಟ್ಟಡವೂ ಹಸಿರು ಕಟ್ಟಡಗಳ ‘ಲೀಡ್’ ಶ್ರೇಣಿಯಲ್ಲಿ ಅತ್ಯುಚ್ಚವಾದ ಪ್ಲಾಟಿನಂ ದರ್ಜೆ ಪಡೆಯಲೇಬೇಕು ಎಂಬ ನಿರ್ಣಯ ಕೈಗೊಂಡಿತು. ಅಮೆರಿಕದಲ್ಲಿ ಬೇರಾವ ಊರೂ ಅದಕ್ಕೆ ಮೊದಲು ಅಂಥ ನಿರ್ಣಯ ಮಾಡಿರಲಿಲ್ಲ.

ನನಗೆ ಇಲ್ಲಿ ಎತ್ತಬೇಕೆನಿಸಿದ ವಿಷಯ ಬೇರೆ. 2000ದಲ್ಲಿ ಊರಿನ ಜನಸಂಖ್ಯೆ 1,574 ಇತ್ತು. 2010ರಲ್ಲಿ 777ಕ್ಕೆ ಇಳಿಯಿತು. 2020ರಲ್ಲಿ 740 ಆಯಿತು. ಇದನ್ನು ನೋಡಿದವರು ಇಷ್ಟೆಲ್ಲ ಮಾಡಿಯೂ ಊರು ಉಳಿಯಲಿಲ್ಲ ಎನ್ನುತ್ತಾರೆ. ಆದರೆ ಇಡೀ ಕೌಂಟಿಯ ಲೆಕ್ಕ ತೆಗೆದು ನೋಡಿ: 2000ದಲ್ಲಿ 3,278, 2010ರಲ್ಲಿ 2,553, 2020ರಲ್ಲಿ 2,460. ಇದರಿಂದ ಗ್ರೀನ್ಸ್‌ಬರ್ಗ್‌ನ ಸಂಖ್ಯೆಯನ್ನು ಕಳೆದರೆ ಉಳಿಯುವುದು ಅನುಕ್ರಮವಾಗಿ 1,704, 1,776 ಮತ್ತು 1,720. ಅಂದರೆ ಊರಿನ ಹೊರಗೆ, ಹೊಲಮನೆಗಳಲ್ಲಿ ಮತ್ತು ಹ್ಯಾವಿಲ್ಯಾಂಡ್, ಮಲ್ಲಿನ್‌ವಿಲ್ ಮುಂತಾದ ಸಣ್ಣ ಊರುಗಳಲ್ಲಿ ಇರುವವರ ಸಂಖ್ಯೆ ಇಪ್ಪತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಇದೆ. ಆಸ್ಪತ್ರೆಗೂ ನ್ಯಾಯಾಲಯಕ್ಕೂ ಶಾಲೆಗೂ ಬರುವವರು ಇವರೆಲ್ಲ. ಆದ್ದರಿಂದ ಕೌಂಟಿ ಕೇಂದ್ರವೊಂದರ ಅಳಿವು ಉಳಿವನ್ನು ಅದರ ಗಡಿಯೊಳಗಿನ ತಲೆಗಳನ್ನು ಎಣಿಸಿ ನಿರ್ಧರಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಬಲ್ಲವರು ಚರ್ಚಿಸಬೇಕೆಂದು ಕೋರುತ್ತೇನೆ.

ಗದಗ ಮೇಷ್ಟ್ರು

ಬಹಳ ಉಪಯುಕ್ತ ಚರ್ಚೆಯನ್ನು ಆರಂಭಿಸಿದ್ದೀರಿ, ಸರ್. ನಾನು ನಿವೃತ್ತ ಶಿಕ್ಷಕ, ಅಮೆರಿಕವನ್ನು ಕಂಡವನಲ್ಲ. ನನಗೆ ಮೊದಲು ತಿಳಿಯಬೇಕಾದದ್ದು ಇಷ್ಟು: ಕೌಂಟಿ ಕೇಂದ್ರ ಎಂದರೆ ನಮ್ಮ ತಾಲ್ಲೂಕು ಕೇಂದ್ರದ ಹಾಗೆಯೇ? ನಮ್ಮಲ್ಲಿ ತಾಲ್ಲೂಕು ಕೇಂದ್ರವೆಂದರೆ ತಹಶೀಲ್ದಾರರ ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ನ್ಯಾಯಾಲಯ, ತಾಲ್ಲೂಕು ಆಸ್ಪತ್ರೆ, ಸಂತೆ, ಬಸ್ ನಿಲ್ದಾಣ. ಕೆಲಸವಿದ್ದ ದಿನ ಸುತ್ತಲಿನ ಹಳ್ಳಿಯವರು ಬೆಳಿಗ್ಗೆ ಬಂದು ಸಂಜೆ ಮರಳುತ್ತಾರೆ. ಆದರೆ ತಹಶೀಲ್ದಾರರು ಸರ್ಕಾರ ಕಳಿಸಿದ ಅಧಿಕಾರಿ. ಕೇಂದ್ರ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದೂ ಸರ್ಕಾರವೇ. ಅಲ್ಲಿ ಊರು ಪೂರ್ತಿ ನೆಲಸಮವಾದ ಮೇಲೆ, ಕಚೇರಿಗಳನ್ನು ಪಕ್ಕದ ದೊಡ್ಡ ಊರಿಗೆ ಸಾಗಿಸಿಬಿಡೋಣ ಎಂದು ರಾಜ್ಯ ಸರ್ಕಾರ ಹೇಳಲಿಲ್ಲವೇ? ಹಾಗೆ ಹೇಳುವುದು ಸಾಧ್ಯವಿತ್ತೇ?

ಇನ್ನೊಂದು ಕುತೂಹಲ. ಜೋಳದ ಹೊಲ ಎಂದಿರಿ. ಅದು ಮುಸುಕಿನ ಜೋಳವೋ, ನಾವು ರೊಟ್ಟಿ ತಟ್ಟುವ ಜೋಳವೋ?

ವಿಚಿಟಾ ಕನ್ನಡಿಗ

ಗುರುಗಳೇ, ಮೊದಲು ಜೋಳದ ಮಾತು. ಅದು ನಮ್ಮ ರೊಟ್ಟಿಯ ಜೋಳದ ಜಾತಿಯೇ. ಇಲ್ಲಿನ ರೈತರು ಅದನ್ನು ಮೈಲೋ ಎನ್ನುತ್ತಾರೆ. ಅಮೆರಿಕದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ರಾಜ್ಯ ಸಾಮಾನ್ಯವಾಗಿ ಕ್ಯಾನ್ಸಸ್ಸೇ. ಗಿಡ ಸೊಂಟದೆತ್ತರಕ್ಕೆ ಗಿಡ್ಡ, ತೆನೆ ಕೆಂಗಂದು ಬಣ್ಣದ್ದು, ಕೊಯ್ಲೆಲ್ಲ ಯಂತ್ರದಿಂದ. ಹೆಚ್ಚಿನ ಪಾಲು ದನದ ಮೇವಿಗೂ ಎಥನಾಲ್ ತಯಾರಿಕೆಗೂ ಹೋಗುತ್ತದೆ. ಮುಸುಕಿನ ಜೋಳವನ್ನೂ ಬೆಳೆಯುತ್ತಾರೆ, ಆದರೆ ಅದಕ್ಕೆ ಕೊಳವೆಬಾವಿಯ ನೀರು ಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಚೇರಿಗಳ ಪಟ್ಟಿಯನ್ನು ನೋಡಿದರೆ ಕೌಂಟಿ ಕೇಂದ್ರ ನಮ್ಮ ತಾಲ್ಲೂಕು ಕೇಂದ್ರಕ್ಕೆ ಹತ್ತಿರವೇ. ಅಧಿಕಾರ ಎಲ್ಲಿಂದ ಬರುತ್ತದೆ ಎಂಬಲ್ಲಿ ಮಾತ್ರ ವ್ಯತ್ಯಾಸ ಬಹಳ. ಕ್ಯಾನ್ಸಸ್‌ನಲ್ಲಿ 105 ಕೌಂಟಿಗಳಿವೆ. ಕಯೊವಾದಂಥ ಕೌಂಟಿಯನ್ನು ನಡೆಸುವ ಆಯುಕ್ತರು, ದಾಖಲೆಗಳನ್ನು ನೋಡಿಕೊಳ್ಳುವ ಕ್ಲರ್ಕ್, ತೆರಿಗೆ ಕಟ್ಟಿಸಿಕೊಳ್ಳುವ ಟ್ರೆಷರರ್, ಜಮೀನು ಪತ್ರಗಳ ರಿಜಿಸ್ಟರ್, ಶೆರಿಫ್ ಇವರೆಲ್ಲರೂ ಕೌಂಟಿಯ ಜನರಿಂದಲೇ ಚುನಾಯಿತರಾದವರು. ಜಮೀನಿನ ಮತ್ತು ಮನೆಯ ತೆರಿಗೆಯ ಮೊದಲ ಕಂತನ್ನು ಡಿಸೆಂಬರ್ 20ರೊಳಗೆ, ಎರಡನೆಯದನ್ನು ಮೇ 10ರೊಳಗೆ ಕೌಂಟಿಗೆ ಕಟ್ಟಬೇಕು. ವಾಹನದ ನೋಂದಣಿ ಫಲಕವನ್ನು ನವೀಕರಿಸುವುದೂ ಅದೇ ಟ್ರೆಷರರ್ ಕಟ್ಟೆಯ ಮುಂದೆ. ಹೊಲ ಮಾರಿದವರು, ಕೊಂಡವರು, ಅಪ್ಪನ ಆಸ್ತಿಯನ್ನು ಪಾಲು ಮಾಡಿಕೊಂಡವರು, ಬೇಲಿಯ ತಕರಾರು ಇದ್ದವರು ಎಲ್ಲರೂ ಬರುವುದು ಕೋರ್ಟ್‌ಹೌಸಿಗೆ. ಅಂತರ್ಜಾಲದಲ್ಲಿ ಈಗ ಬಹಳಷ್ಟು ಕೆಲಸ ಆಗುತ್ತದಾದರೂ, ಕಾಗದ ಹಿಡಿದು ಬರುವವರ ಓಡಾಟ ನಿಂತಿಲ್ಲ.

ರಾಜ್ಯ ಸರ್ಕಾರ ತಾನೇ ಕೇಂದ್ರವನ್ನು ಬದಲಿಸುವುದು ಸಾಧ್ಯವಿಲ್ಲ. ಕೌಂಟಿಯ ಬಹುಪಾಲು ಮತದಾರರ ಒಪ್ಪಿಗೆಯಿಲ್ಲದೆ ಕೌಂಟಿ ಕೇಂದ್ರವನ್ನು ಬದಲಾಯಿಸುವಂತಿಲ್ಲ ಎಂದು ಕ್ಯಾನ್ಸಸ್ ಸಂವಿಧಾನದಲ್ಲಿಯೇ ಇದೆ. ಹೀಗೆ ಬರೆಯಬೇಕಾದಷ್ಟು ಈ ಪಟ್ಟಕ್ಕೆ ಬೆಲೆಯಿತ್ತು. ಕೇಂದ್ರವಾದ ಊರಿಗೆ ವಕೀಲರು, ಬ್ಯಾಂಕು, ಪತ್ರಿಕೆ, ಹೋಟೆಲು ಎಲ್ಲವೂ ಬರುತ್ತಿದ್ದವು. ಆಗದ ಊರಿನಿಂದ ಒಂದೊಂದೇ ಹೊರಟುಹೋಗುತ್ತಿದ್ದವು. 1880ರ ದಶಕದಲ್ಲಿ ಪಶ್ಚಿಮ ಕ್ಯಾನ್ಸಸ್‌ನಲ್ಲಿ ಇದಕ್ಕಾಗಿ ಬಂದೂಕಿನ ಕಾಳಗಗಳೇ ನಡೆದವು. ಗ್ರೇ ಕೌಂಟಿಯಲ್ಲಿ ಸಿಮರಾನ್ ಮತ್ತು ಇಂಗಲ್ಸ್ ಊರುಗಳ ನಡುವೆ ಪೈಪೋಟಿ ಇತ್ತು. 1889ರ ಜನವರಿಯಲ್ಲಿ ಇಂಗಲ್ಸ್ ಕಡೆಯವರು ಬಾಡಿಗೆ ಬಂದೂಕುದಾರರನ್ನು ಗಾಡಿಯಲ್ಲಿ ಕೂರಿಸಿಕೊಂಡು ಸಿಮರಾನ್‌ಗೆ ಬಂದು, ಕೋರ್ಟ್‌ಹೌಸಿನ ಕಡತಗಳನ್ನು ಹೊತ್ತೊಯ್ಯಲು ಪ್ರಯತ್ನಿಸಿದಾಗ ಗುಂಡು ಹಾರಿ ಒಬ್ಬರ ಪ್ರಾಣ ಹೋಯಿತು. ಕಡತ ಯಾವ ಊರಲ್ಲಿ ಇದೆಯೋ ಅದೇ ಕೇಂದ್ರ ಎಂಬ ನಂಬಿಕೆ ಅಷ್ಟು ಬಲವಾಗಿತ್ತು.

ಗ್ರೀನ್ಸ್‌ಬರ್ಗ್ ಹುಟ್ಟಿದ್ದೂ ಅದೇ ದಶಕದಲ್ಲಿ, ಕಯೊವಾ ಕೌಂಟಿ 1886ರಲ್ಲಿ ಈಗಿನ ರೂಪಕ್ಕೆ ಬಂದಿತು. ಕುದುರೆಗಾಡಿಗಳ ಸಾರಿಗೆ ನಡೆಸುತ್ತಿದ್ದ, ‘ಕ್ಯಾನನ್‌ಬಾಲ್’ ಎಂದೇ ಹೆಸರಾಗಿದ್ದ ಡಿ. ಆರ್. ಗ್ರೀನ್ ಎಂಬವರ ಹೆಸರು ಊರಿಗೆ ಬಂತು. 2007ರ ಆ ಬೆಳಿಗ್ಗೆ ಕೋರ್ಟ್‌ಹೌಸಿನ ಗೋಡೆಗಳು ನಿಂತಿದ್ದವು ಎಂಬುದನ್ನು ನಾನು ಮೇಲೆ ಬರೆದದ್ದು ಈ ಹಿನ್ನೆಲೆಯಲ್ಲಿ. ಅದನ್ನು ಕೆಡವಲಿಲ್ಲ, ದುರಸ್ತಿ ಮಾಡಿ ಈಗಲೂ ಅದೇ ಕೆಲಸಕ್ಕೆ ಬಳಸುತ್ತಿದ್ದಾರೆ.

ನಗರ ಯೋಜಕ, ಬೆಂಗಳೂರು

ಜನಗಣತಿಯ ಅಂಕಿಗಳನ್ನು ಹೀಗೆ ಬಿಡಿಸಿ ನೋಡಿದ್ದು ನನಗೂ ಹೊಸದು, ಅದಕ್ಕಾಗಿ ವಂದನೆಗಳು. ಆದರೂ ನನ್ನ ಆಕ್ಷೇಪವನ್ನು ಸ್ಪಷ್ಟವಾಗಿಯೇ ಇಡುತ್ತೇನೆ. ಊರಿನ ಜನಸಂಖ್ಯೆ ಅರ್ಧಕ್ಕೆ ಇಳಿದದ್ದನ್ನು ಕೌಂಟಿಯ ಲೆಕ್ಕದೊಳಗೆ ಕರಗಿಸಿಬಿಡಬಾರದು. ಹೋದವರು ಯಾರು ಎಂದು ಕೇಳಬೇಕು.

ಇಂಥ ಊರುಗಳಲ್ಲಿ ಮನೆಗಳು ಹಳೆಯವು, ಮರದವು, ಅಗ್ಗದವು. ವಯಸ್ಸಾದ ದಂಪತಿಗಳು ಯಾವುದೋ ಕಾಲದಲ್ಲಿ ಕೊಂಡು, ಸಾಲವೆಲ್ಲ ತೀರಿಸಿ, ಕಡಿಮೆ ಖರ್ಚಿನಲ್ಲಿ ನೆಮ್ಮದಿಯಾಗಿ ಇದ್ದ ಮನೆಗಳು. ಅಂಥ ಮನೆ ಹಾರಿಹೋದಾಗ ವಿಮೆಯಿಂದ ಬರುವುದು ಹಳೆಯ ಮನೆಯ ಬೆಲೆಗೆ ತಕ್ಕ ಹಣ. ಅದರಲ್ಲಿ ಹೊಸ ಮನೆ ಏಳುವುದಿಲ್ಲ. ಎಪ್ಪತ್ತೈದನೆಯ ವಯಸ್ಸಿನಲ್ಲಿ ಮತ್ತೆ ಮೂವತ್ತು ವರ್ಷದ ಸಾಲ ಮಾಡಲು ಯಾರೂ ಸಿದ್ಧರಿರುವುದಿಲ್ಲ. ಅವರು ಮೂವತ್ತು ಮೈಲಿ ದೂರದ ಪ್ರಾಟ್‌ಗೋ, ಮಕ್ಕಳಿರುವ ವಿಚಿಟಾಗೋ ಹೋದರು. ಬಾಡಿಗೆಗೆ ಇದ್ದವರ ಸ್ಥಿತಿ ಇನ್ನೂ ಕಷ್ಟದ್ದು. ಮಾಲೀಕ ಮತ್ತೆ ಕಟ್ಟದಿದ್ದರೆ ಅವರಿಗೆ ಮರಳಲು ಜಾಗವೇ ಇಲ್ಲ. ಕೇಂದ್ರ ಸರ್ಕಾರದ ವಿಪತ್ತು ಪರಿಹಾರ ಸಂಸ್ಥೆಯಾದ ಫೆಮಾ ಊರಂಚಿನಲ್ಲಿ ಟ್ರೇಲರ್ ಮನೆಗಳನ್ನು ಸಾಲಾಗಿ ನಿಲ್ಲಿಸಿತ್ತು, ನಿಜ. ಆದರೆ ಅದು ತಾತ್ಕಾಲಿಕ.

ಎರಡನೆಯದು ಹಣದ ಮಾತು. ಎಂಟುನೂರು ಜನರಿಲ್ಲದ ಊರಿಗೆ ಪ್ಲಾಟಿನಂ ದರ್ಜೆಯ ನಗರಸಭಾ ಕಟ್ಟಡ, ಕಲಾಕೇಂದ್ರ, ಸಣ್ಣ ವ್ಯಾಪಾರಿಗಳಿಗೆ ಮಳಿಗೆಗಳ ಸಂಕೀರ್ಣ, ಆಸ್ಪತ್ರೆ, ಶಾಲೆ ಎಲ್ಲ ಬೇಕಿತ್ತೇ? ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅನುದಾನ, ವಿಮೆ, ದಾನಿಗಳ ನೆರವು ಇಲ್ಲದೆ ಇವು ಯಾವುವೂ ಏಳುತ್ತಿರಲಿಲ್ಲ. 1960ರಲ್ಲಿ ಸುಮಾರು ಎರಡು ಸಾವಿರ ಜನರಿದ್ದ ಊರು 2000ದ ಹೊತ್ತಿಗೇ 1,574ಕ್ಕೆ ಇಳಿದಿತ್ತು. ಗಾಳಿ ಬರುವ ಮೊದಲೇ ಇಳಿಮುಖವಾಗಿದ್ದ ಊರಿಗೆ, ಬೆಳೆಯುವ ಊರಿಗೆ ಹೊಲಿಯುವ ಅಳತೆಯ ಅಂಗಿಯನ್ನು ಹೊಲಿಸಿದಂತೆ ಆಗಲಿಲ್ಲವೇ? ಇದನ್ನು ಯಾರನ್ನೂ ಹಳಿಯಲು ಕೇಳುತ್ತಿಲ್ಲ. ಮುಂದೆ ಇಂಥ ದುರಂತಕ್ಕೆ ಸಿಕ್ಕುವ ಸಣ್ಣ ಊರುಗಳು ಏನು ಮಾಡಬೇಕೆಂಬ ಚಿಂತೆಯಿಂದ ಕೇಳುತ್ತಿದ್ದೇನೆ.

ನೆಬ್ರಾಸ್ಕಾ ವೈದ್ಯೆ

ನಗರ ಯೋಜಕರೇ, ತಮ್ಮ ಪಟ್ಟಿಯಲ್ಲಿ ಆಸ್ಪತ್ರೆಯನ್ನು ಕಲಾಕೇಂದ್ರದ ಸಾಲಿಗೆ ಸೇರಿಸಿದ್ದಕ್ಕೆ ನಾನು ಉತ್ತರಿಸಲೇಬೇಕಾಗಿದೆ. ನಾನು ನೆಬ್ರಾಸ್ಕಾದ ಇಂಥದೇ ಒಂದು ಕೌಂಟಿ ಕೇಂದ್ರದ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ.

ಅಮೆರಿಕದಲ್ಲಿ 1997ರ ಕಾನೂನಿನಿಂದ ‘ಕ್ರಿಟಿಕಲ್ ಆಕ್ಸೆಸ್’ ಆಸ್ಪತ್ರೆಗಳೆಂಬ ವರ್ಗ ಹುಟ್ಟಿತು. ಅದಕ್ಕೆ ಮೊದಲು ಹಳ್ಳಿಗಾಡಿನ ಆಸ್ಪತ್ರೆಗಳು ಒಂದರ ಹಿಂದೆ ಒಂದು ಮುಚ್ಚುತ್ತಿದ್ದವು. ಈ ವರ್ಗದ ಆಸ್ಪತ್ರೆಯಲ್ಲಿ 25ಕ್ಕಿಂತ ಹೆಚ್ಚು ಹಾಸಿಗೆಗಳಿರಬಾರದು; ಒಳರೋಗಿಗಳು ಸರಾಸರಿ 96 ಗಂಟೆಗಿಂತ ಹೆಚ್ಚು ಇರಬಾರದು; ತುರ್ತು ಚಿಕಿತ್ಸೆ ಮಾತ್ರ ದಿನದ 24 ಗಂಟೆಯೂ ಸಿಗಬೇಕು. ಇದಕ್ಕೆ ಪ್ರತಿಯಾಗಿ, ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಇಂಥ ಆಸ್ಪತ್ರೆಗೆ ನಿಗದಿತ ದರದ ಬದಲು, ತಗುಲಿದ ನ್ಯಾಯವಾದ ವೆಚ್ಚದ 101 ಪ್ರತಿಶತವನ್ನು ಕೊಡಬೇಕೆಂದು ನಿಯಮವಾಯಿತು. ಗ್ರೀನ್ಸ್‌ಬರ್ಗ್‌ನ ಕಯೊವಾ ಕೌಂಟಿ ಸ್ಮಾರಕ ಆಸ್ಪತ್ರೆ ಈ ವರ್ಗದ್ದು. ಸುಂಟರಗಾಳಿಯಲ್ಲಿ ಅದೂ ಹಾಳಾಯಿತು. ಕೆಲಕಾಲ ತಾತ್ಕಾಲಿಕ ಕಟ್ಟಡಗಳಲ್ಲಿ ನಡೆದು, 2010ರಲ್ಲಿ ಹೊಸ ಕಟ್ಟಡಕ್ಕೆ ಬಂದಿತು. ಈ ವರ್ಗದ ಆಸ್ಪತ್ರೆಗಳಲ್ಲಿ ಪ್ಲಾಟಿನಂ ದರ್ಜೆ ಪಡೆದ ಮೊದಲನೆಯದು ಅದೇ.

ಇಂಥ ಆಸ್ಪತ್ರೆಗೆ ಬರುವ ರೋಗಿ ಯಾರು ಎಂದು ಹೇಳುತ್ತೇನೆ. ಕೊಯ್ಲಿನ ಕಾಲದಲ್ಲಿ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ರೈತ. ಧಾನ್ಯದ ಕಣಜದೊಳಗೆ ಕುಸಿದು ಉಸಿರುಗಟ್ಟಿದ ಹುಡುಗ. ಎದೆನೋವೆಂದರೂ ಹೊಲದ ಕೆಲಸ ಮುಗಿಸಿಯೇ ಬಂದ ಎಂಬತ್ತರ ಅಜ್ಜ. ನಮ್ಮಲ್ಲಿ ಶಸ್ತ್ರಚಿಕಿತ್ಸೆಯ ದೊಡ್ಡ ಸೌಕರ್ಯಗಳಿಲ್ಲ. ಆದರೆ ಮೊದಲ ಒಂದು ಗಂಟೆಯಲ್ಲಿ ಉಸಿರನ್ನೂ ರಕ್ತದ ಒತ್ತಡವನ್ನೂ ಹಿಡಿದು ನಿಲ್ಲಿಸಿ, ಹೆಲಿಕಾಪ್ಟರ್ ಕರೆಸಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ. ಆ ಒಂದು ಗಂಟೆ ಸಿಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಕಯೊವಾ ಕೌಂಟಿಯ ವಿಸ್ತೀರ್ಣ 700 ಚದರ ಮೈಲಿಗೂ ಹೆಚ್ಚು. ಗ್ರೀನ್ಸ್‌ಬರ್ಗ್‌ನ ಆಸ್ಪತ್ರೆ ಇಲ್ಲದಿದ್ದರೆ ಕೌಂಟಿಯ ಪಶ್ಚಿಮದ ಅಂಚಿನವರು ಪ್ರಾಟ್‌ಗೆ ಹೋಗಿ ಸೇರಲು ಎಷ್ಟು ಹೊತ್ತು ಬೇಕು ಎಂದು ಯೋಚಿಸಿ. ಆಸ್ಪತ್ರೆಯೆಂದರೆ ಕೆಲಸದ ಜಾಗವೂ ಹೌದು. ನರ್ಸು, ಪ್ರಯೋಗಾಲಯದವರು, ಅಡುಗೆಯವರು, ಸ್ವಚ್ಛತೆಯವರು, ಬಿಲ್ಲು ಬರೆಯುವವರು, ಇವರೆಲ್ಲರೂ ಅದೇ ಊರಿನ ಸಂಸಾರಸ್ಥರು. ಇಂಥ ಊರುಗಳಲ್ಲಿ ಆಸ್ಪತ್ರೆ ಮತ್ತು ಶಾಲೆಗಿಂತ ಹೆಚ್ಚು ಸಂಬಳ ಕೊಡುವ ಸಂಸ್ಥೆ ಬೇರೊಂದು ಸಿಗುವುದು ಅಪರೂಪ.

ಪವನ ಎಂಜಿನಿಯರ್

ಗ್ರೀನ್ಸ್‌ಬರ್ಗ್‌ಗೂ ನಮ್ಮ ದೇಶಕ್ಕೂ ಇರುವ ಒಂದು ನೇರ ನಂಟನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಊರಿನ ನೈರುತ್ಯಕ್ಕೆ ಕೆಲವು ಮೈಲಿ ದೂರದಲ್ಲಿ ಹತ್ತು ಗಾಳಿಯಂತ್ರಗಳಿವೆ. ಪ್ರತಿಯೊಂದರ ಸಾಮರ್ಥ್ಯ 1.25 ಮೆಗಾವಾಟ್, ಒಟ್ಟು 12.5 ಮೆಗಾವಾಟ್. ಯೋಜನೆಯನ್ನು ಕೈಗೊಂಡದ್ದು ಜಾನ್ ಡೀರ್ ರಿನ್ಯೂವಬಲ್ಸ್ ಎಂಬ ಕಂಪನಿ. ಯಂತ್ರಗಳು ಪುಣೆಯ ಸುಜ್ಲಾನ್ ಕಂಪನಿಯವು. 2010ರಿಂದ ತಿರುಗುತ್ತಿವೆ. ಮೇಷ್ಟ್ರಿಗೆ ಹೇಳುವುದಾದರೆ, ಕಪ್ಪತಗುಡ್ಡದ ಸಾಲಿನಲ್ಲಿ ತಾವು ದಿನವೂ ನೋಡುವ ಫ್ಯಾನುಗಳ ಬಳಗದವೇ ಇವು. ನಮ್ಮ ಕರಾವಳಿಯ ಪಡುಬಿದ್ರಿಯಲ್ಲಿಯೂ ಇದೇ ಕಂಪನಿ ಒಂದು ಘಟಕವನ್ನು ಸ್ಥಾಪಿಸಿತ್ತು.

ಊರು ನೂರಕ್ಕೆ ನೂರು ಗಾಳಿಯಿಂದ ನಡೆಯುತ್ತದೆ ಎಂಬ ಮಾತನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಗಾಳಿ ಬೀಸದ ಗಳಿಗೆಯಲ್ಲಿ ಊರು ಕತ್ತಲಾಗುವುದಿಲ್ಲ. ಜಾಲದಿಂದ ವಿದ್ಯುತ್ ಬರುತ್ತದೆ. ಸಣ್ಣ ಊರುಗಳ ವಿದ್ಯುತ್ ಖರೀದಿಗಾಗಿ ಇರುವ ಕ್ಯಾನ್ಸಸ್ ಪವರ್ ಪೂಲ್ ಎಂಬ ಒಕ್ಕೂಟ ಈ ಲೆಕ್ಕವನ್ನು ನೋಡಿಕೊಳ್ಳುತ್ತದೆ. ಹತ್ತು ಯಂತ್ರಗಳು ವರ್ಷದಲ್ಲಿ ಉತ್ಪಾದಿಸುವ ವಿದ್ಯುತ್ತು ಊರಿನ ಬಳಕೆಗಿಂತ ಬಹಳ ಹೆಚ್ಚು. ಆ ಲೆಕ್ಕದಲ್ಲಿ ಮಾತು ನಿಜ. ಗ್ರೀನ್ಸ್‌ಬರ್ಗ್‌ನಲ್ಲಿ ವಿದ್ಯುತ್ ವಿತರಣೆ ನಗರಸಭೆಯದೇ ಆಗಿದ್ದರಿಂದ ಇಂಥ ನಿರ್ಧಾರ ಸುಲಭವಾಯಿತು. ಬೀದಿದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಿಸಿದ ಅಮೆರಿಕದ ಮೊದಲ ಊರು ಕೂಡ ಇದೇ. ಖರ್ಚಿನ ಬಗ್ಗೆ ಕೇಳಿದ ಯೋಜಕರಿಗೆ ಒಂದು ಅಂಕಿ: ಅಮೆರಿಕದ ಇಂಧನ ಇಲಾಖೆಯ ರಾಷ್ಟ್ರೀಯ ಪ್ರಯೋಗಾಲಯವೊಂದು ಇಲ್ಲಿನ ಹದಿಮೂರು ಕಟ್ಟಡಗಳನ್ನು ಅಧ್ಯಯನ ಮಾಡಿ, ಅವೆಲ್ಲ ಸೇರಿ ವರ್ಷಕ್ಕೆ ಸುಮಾರು ಎರಡು ಲಕ್ಷ ಡಾಲರ್ ಇಂಧನ ವೆಚ್ಚವನ್ನು ಉಳಿಸುತ್ತಿವೆ ಎಂದು ಹೇಳಿತ್ತು. ತೆರಿಗೆದಾರರು ಕಡಿಮೆಯಾದ ಊರಿಗೆ ಪ್ರತಿ ವರ್ಷ ಬರುವ ಬಿಲ್ಲು ಕಡಿಮೆಯಾಗುವುದು ಸಣ್ಣ ಮಾತಲ್ಲ. ಜನ ಇಳಿಮುಖವಾಗಿರುವ ಊರಿಗೇ ಇಂಥ ಕಟ್ಟಡ ಹೆಚ್ಚು ಅಗತ್ಯ ಎಂದು ನನಗೆ ತೋರುತ್ತದೆ.

ಆದರೆ ಗಾಳಿಯಂತ್ರಗಳು ಊರಿಗೆ ಜನರನ್ನು ತರುತ್ತವೆ ಎಂದು ಯಾರೂ ನಂಬಬಾರದು. ಕಟ್ಟುವಾಗ ಕೆಲಸವಿರುತ್ತದೆ, ಆಮೇಲೆ ಬೆರಳೆಣಿಕೆಯ ತಂತ್ರಜ್ಞರು ಸಾಕು. ಕಾರ್ಖಾನೆಯ ವಿಷಯದಲ್ಲಿಯೂ ಹಾಗೆಯೇ. ಇದೇ ಸುಜ್ಲಾನ್ 2006ರಲ್ಲಿ ಮಿನ್ನೆಸೋಟ ರಾಜ್ಯದ ಪೈಪ್‌ಸ್ಟೋನ್ ಎಂಬ ಇನ್ನೊಂದು ಕೌಂಟಿ ಕೇಂದ್ರದಲ್ಲಿ ರೆಕ್ಕೆಗಳನ್ನು ತಯಾರಿಸುವ ಕಾರ್ಖಾನೆ ತೆರೆದಿತ್ತು. ಬೇಡಿಕೆ ಕುಗ್ಗಿದ ಮೇಲೆ ಕೆಲವೇ ವರ್ಷಗಳಲ್ಲಿ ಅಲ್ಲಿನ ಕೆಲಸ ನಿಂತುಹೋಯಿತು. ಪೈಪ್‌ಸ್ಟೋನ್‌ನ ಕೋರ್ಟ್‌ಹೌಸ್ ಈಗಲೂ ನಡೆಯುತ್ತಿದೆ. ಈ ಒಂದು ಹೋಲಿಕೆಯಿಂದಾಗಿ ನಾನು ಮೂಲ ಲೇಖಕರ ಅಭಿಪ್ರಾಯದ ಕಡೆಗೆ ವಾಲುತ್ತೇನೆ.

ನಗರ ಯೋಜಕ, ಬೆಂಗಳೂರು

ಆಸ್ಪತ್ರೆಯ ವಿಷಯದಲ್ಲಿ ವೈದ್ಯೆಯವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ನಿರ್ವಹಣಾ ವೆಚ್ಚದ ಬಗ್ಗೆ ಎಂಜಿನಿಯರ್ ಅವರು ಹೇಳಿದ್ದೂ ಸರಿಯೇ. ಕಟ್ಟುವ ಹಣ ಹೊರಗಿನಿಂದ ಒಮ್ಮೆ ಬರುತ್ತದೆ, ನಡೆಸುವ ಹಣ ಮಾತ್ರ ಊರಿನವರೇ ಪ್ರತಿ ವರ್ಷ ತೆರಬೇಕು ಎಂಬ ವ್ಯತ್ಯಾಸ ಮುಖ್ಯವಾದದ್ದು. ಆದರೆ ವಸತಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ನರ್ಸೂ ಶಿಕ್ಷಕರೂ ಕೆಲಸಕ್ಕೆ ಬೇಕು ಎಂದಾದರೆ, ಅವರಿಗೆ ಬಾಡಿಗೆಗೆ ಸಿಗುವ ಮನೆ ಎಲ್ಲಿದೆ?

ಗದಗ ಮೇಷ್ಟ್ರು

ಶಾಲೆಯ ಬಗ್ಗೆಯೂ ಹೇಳಿ, ಸರ್. ಇಷ್ಟು ಕಡಿಮೆ ಜನರಿರುವ ಕೌಂಟಿಯಲ್ಲಿ ಮಕ್ಕಳು ಎಷ್ಟಿದ್ದಾರು? ನಮ್ಮಲ್ಲಿ ಮಕ್ಕಳು ಸಾಲದೆ ಹಳ್ಳಿಯ ಶಾಲೆ ಮುಚ್ಚಿದಾಗ, ಮೊದಲು ಮೇಷ್ಟ್ರು ಹೋಗುತ್ತಾರೆ, ಆಮೇಲೆ ಮಕ್ಕಳಿರುವ ಮನೆಯವರು ಒಬ್ಬೊಬ್ಬರೇ ಹೋಗುತ್ತಾರೆ. ಅಂಥ ಒಂದೆರಡು ಶಾಲೆಗಳ ಬಾಗಿಲು ಹಾಕಿಸಿದ ನೋವು ನನ್ನ ವೃತ್ತಿಜೀವನದಲ್ಲಿದೆ.

ವಿಚಿಟಾ ಕನ್ನಡಿಗ

ಗುರುಗಳೇ, ತಾವು ಕೇಳಿದ್ದು ಇಡೀ ಚರ್ಚೆಯ ಜೀವಾಳ. ಸುಂಟರಗಾಳಿ ಬಂದದ್ದು ಮೇ ತಿಂಗಳಲ್ಲಿ. ಆ ಆಗಸ್ಟಿನಲ್ಲಿ ಶಾಲೆ ಎಂದಿನಂತೆ ಆರಂಭವಾಗುತ್ತದೆ ಎಂದು ಶಾಲಾ ಜಿಲ್ಲೆಯವರು (ಸ್ಥಳೀಯ ಶಾಲೆಗಳನ್ನು ನಡೆಸುವ ಆಡಳಿತ) ಬೇಗನೆ ತಿಳಿಸಿಬಿಟ್ಟರು. ಕಟ್ಟಡವೇ ಇಲ್ಲದಿದ್ದರೂ ಟ್ರೇಲರ್‌ಗಳಲ್ಲಿ ತರಗತಿಗಳನ್ನು ನಡೆಸಿದರು. ಮಕ್ಕಳಿರುವ ಕುಟುಂಬ ಎಲ್ಲಿ ನೆಲೆಸಬೇಕೆಂದು ತೀರ್ಮಾನಿಸುವುದು ಬೇಸಿಗೆ ರಜೆ ಮುಗಿಯುವುದರೊಳಗೆ. ಶಾಲೆಯ ವಿಷಯ ಇನ್ನೂ ನಿಶ್ಚಯವಾಗಿಲ್ಲ ಎಂದಿದ್ದರೆ ಆ ಕುಟುಂಬಗಳು ಬೇರೆ ಊರಿನ ಶಾಲೆಗೆ ಹೆಸರು ಬರೆಸುತ್ತಿದ್ದವು, ಹಾಗೆ ಬರೆಸಿದ ಮೇಲೆ ಮರಳಿ ಬರುವುದು ಕಷ್ಟ. ಮರುವರ್ಷ ಅದೇ ಮೇ 4ರಂದು ನಡೆದ ಪ್ರೌಢಶಾಲೆಯ ಪದವಿ ಸಮಾರಂಭಕ್ಕೆ ಅಧ್ಯಕ್ಷ ಜಾರ್ಜ್ ಬುಷ್ ಬಂದು ಮಾತನಾಡಿದರು. 2010ರ ಆಗಸ್ಟಿನಲ್ಲಿ ಹೊಸ ಶಾಲೆ ತೆರೆಯಿತು: ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ಎಲ್ಲವೂ ಒಂದೇ ಕಟ್ಟಡದಲ್ಲಿ. ನೆರೆಯ ಮಲ್ಲಿನ್‌ವಿಲ್‌ನ ಶಾಲಾ ಜಿಲ್ಲೆಯೂ ಅನಂತರ ಇದರಲ್ಲಿ ಸೇರಿತು. ಈಗ ಅದರ ಹೆಸರಿನಲ್ಲಿ ಊರಿಲ್ಲ, ಕೌಂಟಿ ಇದೆ: ಕಯೊವಾ ಕೌಂಟಿ ಶಾಲೆ.

ಶಾಲೆ ಉಳಿದರೂ ಮಲ್ಲಿನ್‌ವಿಲ್‌ಗೆ ನಷ್ಟವಾಗಲಿಲ್ಲವೇ ಎಂದು ತಾವು ಕೇಳಬಹುದು. ಆಯಿತು. ಕೇಂದ್ರವೊಂದು ಗಟ್ಟಿಯಾದಾಗ ಸುತ್ತಲಿನ ಇನ್ನೂ ಸಣ್ಣ ಊರುಗಳಿಂದ ಏನೋ ಒಂದು ಅತ್ತ ಹರಿದುಬರುತ್ತದೆ. ಅಲ್ಲಿಯ ಮಕ್ಕಳು ಈಗ ಬಸ್ಸಿನಲ್ಲಿ ಬರುತ್ತಾರೆ. ಎರಡೂ ಶಾಲೆಗಳು ಸೊರಗಿ, ಕೊನೆಗೆ ಮಕ್ಕಳೆಲ್ಲ ಕೌಂಟಿಯ ಗಡಿ ದಾಟಿ ಹೋಗುವುದಕ್ಕಿಂತ ಇದು ಮೇಲು ಎಂದೇ ನನ್ನ ನಂಬಿಕೆ. ಆದರೆ ಮಲ್ಲಿನ್‌ವಿಲ್‌ನವರ ಮುಂದೆ ನಿಂತು ಇದನ್ನು ಹೇಳುವುದು ಸುಲಭವಲ್ಲ.

ಊರಿಗೆ ಹೋದವರು ತಪ್ಪದೆ ನೋಡುವುದು ‘ಬಿಗ್ ವೆಲ್’ ಎಂಬ ದೊಡ್ಡ ಬಾವಿಯನ್ನು. ರೈಲಿಗೂ ಊರಿಗೂ ನೀರು ಬೇಕಾಗಿ 1887ರಲ್ಲಿ ತೋಡಲು ಆರಂಭಿಸಿ ಮರುವರ್ಷ ಮುಗಿಸಿದ ಬಾವಿ. ಆಳ 109 ಅಡಿ, ಅಡ್ಡಗಲ 32 ಅಡಿ. ಎಲ್ಲವೂ ಗುದ್ದಲಿ, ಸನಿಕೆ ಹಿಡಿದು ಕೈಯಿಂದ ತೋಡಿದ್ದು. 1932ರವರೆಗೆ ಊರಿನ ನೀರು ಇಲ್ಲಿಂದಲೇ. ನಮ್ಮ ಕಲ್ಲು ಕಟ್ಟಿದ ಸೇದುವ ಬಾವಿಗಳನ್ನು ನೋಡಿದವರಿಗೂ ಇದರ ಬಾಯಿಯ ಅಗಲ ಬೆರಗು ಹುಟ್ಟಿಸುತ್ತದೆ. ಮೇಲಿದ್ದ ವಸ್ತುಸಂಗ್ರಹಾಲಯ ಸುಂಟರಗಾಳಿಯಲ್ಲಿ ನಾಶವಾಯಿತು. 2012ರಲ್ಲಿ ಹೊಸದು ತೆರೆಯಿತು. ಸುರುಳಿ ಮೆಟ್ಟಿಲಿನಲ್ಲಿ ಇಳಿಯುತ್ತಾ ಹೋದಂತೆ ಗಾಳಿ ತಂಪಾಗುತ್ತದೆ, ಗೋಡೆಯ ಕಲ್ಲುಗಳ ಸಂದಿಯಲ್ಲಿ ಪಸೆ ಕಾಣುತ್ತದೆ, ಮೇಲಿನವರ ಮಾತು ಗುಂಯ್‌ಗುಡುತ್ತದೆ. ಅಲ್ಲಿಯೇ ಸುಮಾರು ಸಾವಿರ ಪೌಂಡ್ ತೂಕದ ಉಲ್ಕಾಶಿಲೆಯೊಂದನ್ನು ಇಟ್ಟಿದ್ದಾರೆ. ಸುಂಟರಗಾಳಿಯ ಅವಶೇಷಗಳ ಕೆಳಗೆ ಸಿಕ್ಕಿಕೊಂಡಿದ್ದನ್ನು ಹುಡುಕಿ ತೆಗೆದದ್ದು. ಈ ಕೌಂಟಿಯ ಹೊಲಗಳಲ್ಲಿ ಇಂಥ ಕಲ್ಲುಗಳು ನೇಗಿಲಿಗೆ ಸಿಗುತ್ತಿದ್ದವು. 1880ರ ದಶಕದಲ್ಲಿ ಎಲೈಜಾ ಕಿಂಬರ್ಲಿ ಎಂಬ ರೈತ ಮಹಿಳೆ ಇವು ಸಾಮಾನ್ಯ ಕಲ್ಲುಗಳಲ್ಲ ಎಂದು ಹಟ ಹಿಡಿದು, ನೆರೆಹೊರೆಯವರ ನಗುವಿಗೆ ಕಿವಿಗೊಡದೆ ಕೂಡಿಟ್ಟು, ವಿದ್ವಾಂಸರಿಗೆ ಪತ್ರ ಬರೆಯುತ್ತಲೇ ಇದ್ದರು. 1890ರಲ್ಲಿ ಬಂದ ಪ್ರಾಧ್ಯಾಪಕರು ನೋಡಿ ಕೊಂಡುಕೊಂಡರು. ಈ ಸಂಗತಿ ಚರ್ಚೆಗೆ ತುಸು ಹೊರಗಿನದಾದರೂ, ಆ ಹೆಂಗಸಿನ ಹೆಸರನ್ನು ಕನ್ನಡದಲ್ಲಿ ಒಮ್ಮೆ ಬರೆಯಬೇಕೆಂದು ನನಗೆ ಆಸೆಯಿತ್ತು.

ಇನ್ನು ಯೋಜಕರ ಪ್ರಶ್ನೆ. ವಸತಿಯೇ ಇಲ್ಲಿನ ನಿಜವಾದ ಕೊರತೆ ಎಂಬುದನ್ನು ನಾನು ಒಪ್ಪುತ್ತೇನೆ. ಕಡಿಮೆ ಆದಾಯದವರಿಗಾಗಿ ಪ್ರೇರಿ ಪಾಯಿಂಟ್ ಎಂಬ ಸಾಲುಮನೆಗಳನ್ನು ಕಟ್ಟಿದ್ದಾರೆ. ಅವೂ ಪ್ಲಾಟಿನಂ ದರ್ಜೆಯವೇ. ಗ್ರೀನ್ಸ್‌ಬರ್ಗ್ ಗ್ರೀನ್‌ಟೌನ್ ಎಂಬ ಸ್ವಯಂಸೇವಾ ಸಂಸ್ಥೆ, ಗಾಳಿಗೆ ಜಗ್ಗದ ಧಾನ್ಯದ ಗೋದಾಮನ್ನು ಮಾದರಿಯಾಗಿಟ್ಟುಕೊಂಡು ಕಾಂಕ್ರೀಟಿನ ದಪ್ಪ ಗೋಡೆಯ ಒಂದು ಪ್ರಾತ್ಯಕ್ಷಿಕೆ ಮನೆಯನ್ನು ಕಟ್ಟಿಸಿ ಜನರಿಗೆ ತೋರಿಸಿತು. ಆದರೆ ಮಧ್ಯಮ ಸಂಬಳದ ನರ್ಸಿಗೆ, ಹೊಸದಾಗಿ ಬಂದ ಶಿಕ್ಷಕನಿಗೆ ಒಪ್ಪುವ ಬಾಡಿಗೆ ಮನೆ ಕಟ್ಟಲು ಖಾಸಗಿಯವರು ಮುಂದಾಗುವುದಿಲ್ಲ. ಕಟ್ಟಲು ತಗಲುವ ಖರ್ಚಿಗಿಂತ ಕಟ್ಟಿದ ಮೇಲೆ ಅದರ ಮಾರುಕಟ್ಟೆ ಬೆಲೆ ಕಡಿಮೆಯಾಗಿರುತ್ತದೆ. ಆ ವ್ಯತ್ಯಾಸವನ್ನು ಬ್ಯಾಂಕು ಸಾಲವಾಗಿ ಕೊಡುವುದಿಲ್ಲ. ಸುಂಟರಗಾಳಿಯನ್ನೇ ಕಾಣದ ಎಷ್ಟೋ ಕೌಂಟಿ ಕೇಂದ್ರಗಳಲ್ಲಿಯೂ ಇದೇ ತೊಡಕು ಇದೆ. ಸರ್ಕಾರದ ನೆರವನ್ನು ಸಾರ್ವಜನಿಕ ಕಟ್ಟಡಗಳಿಗೆ ಮಾತ್ರ ಮೀಸಲಿಡದೆ, ಆ ಬೆಲೆಯ ವ್ಯತ್ಯಾಸವನ್ನು ತುಂಬಲೂ ಮೊದಲಿನಿಂದಲೇ ಬಳಸಿದ್ದರೆ, ಪ್ರಾಟ್‌ಗೆ ಹೋದ ಒಂದಷ್ಟು ಬಾಡಿಗೆದಾರರಾದರೂ ಮರಳುತ್ತಿದ್ದರೆಂದು ನನಗನ್ನಿಸುತ್ತದೆ. ಇಂಥ ಯೋಜನೆಗಳನ್ನು ಬೇರೆ ರಾಜ್ಯಗಳ ಸಣ್ಣ ಊರುಗಳಲ್ಲಿ ನಡೆಸಿದವರ ಅನುಭವ ಗೊತ್ತಿರುವ ಸದಸ್ಯರು ಇದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ.